ರೇಡಿಯೇಷನ್ ಆದ ಮೇಲೆ ಸ್ಕ್ಯಾನಿನಲ್ಲಿ ಮೂಳೆ ಬದಲಾಗಿ ಕಂಡರೆ ಅದು ಕ್ಯಾನ್ಸರೇ? ಪದೇ ಪದೇ ಕೇಳುವ ಪ್ರಶ್ನೆಗಳು

ರಿಪೋರ್ಟಿನಲ್ಲಿ ಮೂಳೆ ಬಗ್ಗೆ ಒಂದು ಸಾಲು ಬಂದಿರುತ್ತದೆ. ಡಾಕ್ಟರನ್ನು ನೋಡಲು ಇನ್ನೂ ಕೆಲವು ದಿನ ಕಾಯಬೇಕು. ಅಷ್ಟರಲ್ಲಿ ಮನೆಯವರೆಲ್ಲ ಫೋನಿನಲ್ಲಿ ಹುಡುಕಿ ಹುಡುಕಿ, ಕೆಟ್ಟದ್ದನ್ನೇ ಓದಿ ನಿದ್ದೆಗೆಟ್ಟಿರುತ್ತಾರೆ. ಈ ಪುಟ ಅಂಥವರಿಗೆ. ಇದನ್ನು ಓದಿ ನಿಮ್ಮ ಸ್ಕ್ಯಾನ್ ಅನ್ನು ನೀವೇ ತೀರ್ಮಾನಿಸಲು ಆಗುವುದಿಲ್ಲ. ಆದರೆ ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದು ಗೊತ್ತಿರುತ್ತದೆ.

ರೇಡಿಯೇಷನ್ ಕೊಟ್ಟಿದ್ದು ಗಡ್ಡೆಗೆ. ಮೂಳೆಗೆ ಯಾಕೆ ಪೆಟ್ಟು?

ಕಿರಣ ಗಡ್ಡೆ ತಲುಪಬೇಕಾದರೆ ದಾರಿಯಲ್ಲಿರುವ ಮೂಳೆಯನ್ನೂ ಹಾದು ಹೋಗಬೇಕು. ಗರ್ಭಕೊರಳು, ಪ್ರಾಸ್ಟೇಟ್, ಗುದನಾಳದ ಕ್ಯಾನ್ಸರ್‌ಗೆ ಕೊಟ್ಟರೆ ಸೊಂಟದ ಮೂಳೆಗಳು ಸಿಗುತ್ತವೆ. ಸ್ತನಕ್ಕೆ ಕೊಟ್ಟರೆ ಪಕ್ಕೆಲುಬು, ಬಾಯಿ ಗಂಟಲಿಗೆ ಕೊಟ್ಟರೆ ದವಡೆ.

ನಮ್ಮ ಮೂಳೆ ಒಮ್ಮೆ ಬೆಳೆದು ಸುಮ್ಮನೆ ಕೂತಿರುವ ವಸ್ತು ಅಲ್ಲ. ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುವ ಕೆಲಸ ಜೀವನಪೂರ್ತಿ ನಡೆಯುತ್ತಲೇ ಇರುತ್ತದೆ. ರೇಡಿಯೇಷನ್ ಬಿದ್ದ ಜಾಗದಲ್ಲಿ ಕಟ್ಟುವ ಜೀವಕೋಶಗಳು ಕಡಿಮೆಯಾಗುತ್ತವೆ, ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ, ಮಜ್ಜೆಯಲ್ಲಿ ರಕ್ತ ತಯಾರಿಸುವ ಕೋಶಗಳು ಹೋಗಿ ಆ ಜಾಗವನ್ನು ಕೊಬ್ಬು ತುಂಬುತ್ತದೆ. ಸುಮಾರು 30 ಗ್ರೇ (ರೇಡಿಯೇಷನ್ ಡೋಸಿನ ಅಳತೆ) ದಾಟಿದರೆ ಮೂಳೆಯಲ್ಲಿ ಬದಲಾವಣೆ ಶುರುವಾಗುತ್ತದೆ, 50 ಗ್ರೇ ಹೊತ್ತಿಗೆ ಕೋಶಗಳು ಸಾಯುವುದು ಜಾಸ್ತಿ ಆಗುತ್ತದೆ ಅನ್ನುವುದು ಹಳೆಯ ಲೆಕ್ಕ. ಈ ಹಾನಿಯನ್ನು ವೈದ್ಯರು 1920ರ ದಶಕದಿಂದಲೇ ಬಲ್ಲರು. ಹೊಸದಾಗಿರುವುದು ನಮ್ಮ ಸ್ಕ್ಯಾನ್‌ಗಳ ಕಣ್ಣು. ಅವು ಈಗ ಏನನ್ನೂ ಬಿಡುವುದಿಲ್ಲ, ಅದೇ ತಲೆನೋವಿಗೂ ಕಾರಣ.

ಎಂಆರ್‌ಐನಲ್ಲಿ ಮಜ್ಜೆ ಬದಲಾಗಿದೆ ಅಂತ ಬರೆದಿದ್ದಾರೆ. ಭಯಪಡಬೇಕಾ?

ಬದಲಾಗದೆ ಇದ್ದಿದ್ದರೆ ಆಶ್ಚರ್ಯ ಪಡಬೇಕಿತ್ತು. ರೇಡಿಯೇಷನ್ ಶುರುವಾದ ಮೊದಲ ಒಂದೆರಡು ವಾರ ಮಜ್ಜೆಯಲ್ಲಿ ನೀರು ತುಂಬಿ ಊತ ಬರುತ್ತದೆ. ಆಮೇಲೆ ಕೆಲವೇ ವಾರಗಳಲ್ಲಿ ಕೊಬ್ಬು ಸೇರಲು ಶುರುವಾಗಿ, ತಿಂಗಳುಗಳು ಕಳೆದಂತೆ ಆ ಭಾಗ ಪೂರ್ತಿ ಕೊಬ್ಬಿನ ಮಜ್ಜೆ ಆಗುತ್ತದೆ. ಡೋಸ್ ಜಾಸ್ತಿ ಇದ್ದರೆ ಅದು ಹಾಗೇ ಉಳಿಯಬಹುದು.

ಟಿ1 ಅನ್ನುವ ಬಗೆಯ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರ್ ಬಂದು ಕೂತರೆ ಅದು ಕೊಬ್ಬನ್ನು ತಳ್ಳಿ ಹಾಕುತ್ತದೆ, ಹಾಗಾಗಿ ಆ ಜಾಗ ಕಪ್ಪಾಗುತ್ತದೆ. ಬೆನ್ನುಮೂಳೆಯ ಮಜ್ಜೆ ಪಕ್ಕದ ಡಿಸ್ಕ್ ಅಥವಾ ಸ್ನಾಯುವಿಗಿಂತ ಕಪ್ಪಾಗಿ ಕಂಡರೆ ರೇಡಿಯಾಲಜಿಸ್ಟ್ ಹುಬ್ಬು ಗಂಟಿಕ್ಕುತ್ತಾರೆ. ಸಮನಾಗಿ ಬೆಳ್ಳಗೆ ಕಂಡರೆ, ಅಲ್ಲಿ ರೇಡಿಯೇಷನ್ ಬಿದ್ದಿತ್ತು ಅಂತ ಬರೆದು ಮುಂದಕ್ಕೆ ಹೋಗುತ್ತಾರೆ.

ಎರಡನ್ನೂ ಬೇರೆ ಮಾಡುವ ಒಂದೇ ಒಂದು ದೊಡ್ಡ ಸುಳಿವು ಹೇಳಿ ಅಂದರೆ?

ಗೆರೆ. ಕಿರಣ ಎಲ್ಲಿ ಶುರುವಾಗಿ ಎಲ್ಲಿ ನಿಂತಿತೋ ಬದಲಾವಣೆಯೂ ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ. ಬೆನ್ನುಮೂಳೆಯ ನಾಲ್ಕೈದು ಎಲುಬು ಒಂದೇ ಸಮ ಬೆಳ್ಳಗಿದ್ದು, ಅದರ ಮೇಲಿನ ಎಲುಬಿನಿಂದ ಮಜ್ಜೆ ಮಾಮೂಲಿ ಬಣ್ಣಕ್ಕೆ ತಿರುಗಿದ್ದರೆ ಅದು ಮನುಷ್ಯರು ಎಳೆದ ಗಡಿ. ಕ್ಯಾನ್ಸರ್ ಸ್ಕೇಲ್ ಇಟ್ಟುಕೊಂಡು ಹರಡುವುದಿಲ್ಲ. ಅದು ಅಲ್ಲೊಂದು ಇಲ್ಲೊಂದು ದುಂಡನೆಯ ಮಚ್ಚೆಯಾಗಿ, ಕಿರಣ ತಾಗದ ಕಡೆಯೂ ಕಾಣಿಸಿಕೊಳ್ಳುತ್ತದೆ.

ಹಾಗಾಗಿ ಸ್ಕ್ಯಾನ್ ಓದುವವರ ಕೈಯಲ್ಲಿ ಎರಡು ವಿಷಯ ಇರಲೇಬೇಕು: ರೇಡಿಯೇಷನ್ ಎಲ್ಲಿಗೆ ಕೊಟ್ಟರು, ಯಾವಾಗ ಕೊಟ್ಟರು. ಇವೆರಡೂ ಇಲ್ಲದೆ ಬರೆದ ರಿಪೋರ್ಟ್ ನನ್ನ ದೃಷ್ಟಿಯಲ್ಲಿ ಅರ್ಧ ರಿಪೋರ್ಟ್. ತಪ್ಪು ಓದಿದವರದ್ದಲ್ಲ. ಸ್ಕ್ಯಾನ್ ಚೀಟಿಯಲ್ಲಿ "ಸೊಂಟ ನೋವು" ಅಂತ ಎರಡು ಪದ ಬರೆದು ಕಳಿಸಿದರೆ ಅವರಾದರೂ ಏನು ಮಾಡಬೇಕು?

ಇದರಲ್ಲಿ ಎರಡು ಕಡೆ ಎಡವಬಹುದು. ಕಿರಣ ಬಿದ್ದ ಜಾಗದಲ್ಲಿ ಕ್ಯಾನ್ಸರ್ ಬರುವುದೇ ಇಲ್ಲ ಅಂತೇನೂ ಇಲ್ಲ, ಕಡಿಮೆ ಅಷ್ಟೇ. ಇನ್ನೊಂದು, ರಕ್ತಹೀನತೆ ಇದ್ದರೆ ಅಥವಾ ಬಿಳಿರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಕಿರಣ ಬೀಳದ ಕಡೆಯ ಮಜ್ಜೆ ಜೋರಾಗಿ ಕೆಲಸ ಮಾಡುತ್ತದೆ. ಆಗ ಅದು ಎಂಆರ್‌ಐನಲ್ಲಿ ಸ್ವಲ್ಪ ಕಪ್ಪಗೆ, ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತಾ ಕಂಡು, ಕ್ಯಾನ್ಸರ್ ಹರಡಿದೆಯೇನೋ ಅನ್ನುವ ಅನುಮಾನ ಹುಟ್ಟಿಸಬಹುದು.

ಬೋನ್ ಸ್ಕ್ಯಾನಿನಲ್ಲಿ ಕಪ್ಪು ಚುಕ್ಕೆ ಬಂದಿದೆ. ಅದು ಗಡ್ಡೆ ಅಲ್ವಾ?

ಅಷ್ಟರಿಂದಲೇ ಹೇಳಲು ಆಗುವುದಿಲ್ಲ. ರಸ್ತೆ ಅಗೆದಿರುವುದನ್ನು ಕಂಡ ಮಾತ್ರಕ್ಕೆ ಯಾಕೆ ಅಗೆದರು ಅಂತ ಗೊತ್ತಾಗುತ್ತದಾ? ಬೋನ್ ಸ್ಕ್ಯಾನ್ ಕೂಡ ಮೂಳೆಯಲ್ಲಿ ಎಲ್ಲಿ ರಿಪೇರಿ ನಡೀತಿದೆ ಅನ್ನುವುದನ್ನಷ್ಟೇ ತೋರಿಸುತ್ತದೆ. ಅದರಲ್ಲಿ ಬಳಸುವ ಟೆಕ್ನೀಷಿಯಂ ಸೇರಿದ ಔಷಧಿ ಹೊಸ ಮೂಳೆ ಕಟ್ಟುವ ಕಡೆಗೆಲ್ಲ ಹೋಗಿ ಕೂರುತ್ತದೆ. ಔಷಧಿ ಜಾಸ್ತಿ ಕೂತ ಜಾಗ ಚಿತ್ರದಲ್ಲಿ ಕಪ್ಪಾಗಿ ಬೀಳುತ್ತದೆ, ಅದನ್ನೇ ಹೊಳೆಯುವುದು ಅನ್ನುತ್ತಾರೆ. ಹಳೆಯ ಪೆಟ್ಟು, ಸಂಧಿವಾತ, ಬಿರುಕು, ಕ್ಯಾನ್ಸರ್ ಎಲ್ಲವೂ ಅದಕ್ಕೆ ಒಂದೇ.

ರೇಡಿಯೇಷನ್ ಆದ ಹೊಸದರಲ್ಲಿ ಆ ಭಾಗ ಸ್ವಲ್ಪ ಜಾಸ್ತಿ ಹೊಳೆಯಬಹುದು. ಕೆಲವು ತಿಂಗಳಾದ ಮೇಲೆ ಉಲ್ಟಾ, ಸುತ್ತಲಿನ ಮೂಳೆಗಿಂತ ಮಂಕಾಗುತ್ತದೆ. ಅಲ್ಲಿ ಮೂಳೆ ಕಟ್ಟುವ ಕೆಲಸವೂ ರಕ್ತ ಸಂಚಾರವೂ ಕುಗ್ಗಿರುತ್ತದೆ. ಹಾಗೆ ಮಂಕಾದ ಜಾಗದ ನಡುವೆ ಹೊಸದಾಗಿ ಒಂದು ಚುಕ್ಕೆ ಎದ್ದರೆ ಆಗ ವಿಚಾರಿಸಬೇಕು. ಅದಕ್ಕೂ ಎರಡು ಉತ್ತರ ಇರುತ್ತದೆ: ಬಿರುಕು, ಇಲ್ಲವೇ ಕ್ಯಾನ್ಸರ್.

ಬಿದ್ದಿಲ್ಲ, ಏಟಾಗಿಲ್ಲ. ಆದರೂ ಮೂಳೆ ಬಿರುಕು ಬಿಟ್ಟಿದೆ ಅಂತಾರೆ. ಹೇಗೆ ಸಾಧ್ಯ?

ಕ್ಯಾನ್ಸರ್ ಹರಡಿದೆ ಅಂತ ತಪ್ಪಾಗಿ ತಿಳಿಯುವುದು ಜಾಸ್ತಿ ಇಲ್ಲೇ. ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ದುರ್ಬಲವಾದ ಮೂಳೆ ದಿನನಿತ್ಯದ ಭಾರಕ್ಕೇ ಸೀಳಬಹುದು. ನಡೆಯುವುದು, ಕೂರುವುದು, ಮೆಟ್ಟಿಲು ಹತ್ತುವುದು, ಅಷ್ಟೇ ಸಾಕು. ಸೊಂಟದ ಭಾಗಕ್ಕೆ ರೇಡಿಯೇಷನ್ ತೆಗೆದುಕೊಂಡವರಲ್ಲಿ ಇದು ಹೆಚ್ಚಾಗಿ ಸೇಕ್ರಮ್‌ನಲ್ಲಿ ಆಗುತ್ತದೆ. ಬೆನ್ನುಮೂಳೆಯ ಬುಡದಲ್ಲಿ, ಎರಡು ಸೊಂಟದ ಮೂಳೆಗಳ ನಡುವೆ ಸಿಕ್ಕಿಕೊಂಡಿರುವ ತ್ರಿಕೋನದ ಮೂಳೆ ಅದು. ಮೇಲಿನ ಇಡೀ ದೇಹದ ಭಾರ ಅದರ ಮೂಲಕವೇ ಕಾಲಿಗೆ ಇಳಿಯಬೇಕು. ಮುಟ್ಟು ನಿಂತ ಹೆಂಗಸರು, ಮೊದಲೇ ಮೂಳೆ ಸವೆದವರು, ತೂಕ ಕಡಿಮೆ ಇರುವವರು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಇವರಿಗೆ ಅಪಾಯ ಜಾಸ್ತಿ. ಸಾಮಾನ್ಯವಾಗಿ ಚಿಕಿತ್ಸೆ ಮುಗಿದು ಕೆಲವು ತಿಂಗಳಿಂದ ಒಂದೆರಡು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಕಷ್ಟ ಏನಂದರೆ ಕ್ಯಾನ್ಸರ್ ಮರಳಿ ಬರುವ ಭಯ ಜಾಸ್ತಿ ಇರುವ ಕಾಲವೂ ಅದೇ.

ಈ ಬಿರುಕಿಗೆ ಅದರದೇ ಗುರುತುಗಳಿವೆ. ಸೇಕ್ರಮ್‌ನ ಎರಡೂ ರೆಕ್ಕೆಗಳಲ್ಲಿ, ಪಕ್ಕದ ಕೀಲಿಗೆ ಸಮಾನಾಂತರವಾಗಿ, ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಎರಡನ್ನೂ ಸೇರಿಸುವ ಅಡ್ಡ ಬಿರುಕೂ ಇದ್ದರೆ ಬೋನ್ ಸ್ಕ್ಯಾನಿನಲ್ಲಿ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಕಾಣುತ್ತದೆ. ಕಾರಿನ ಲಾಂಛನ ನೋಡಿ ಇದಕ್ಕೆ ಹೋಂಡಾ ಗುರುತು ಅಂತಲೂ ಕರೆಯುತ್ತಾರೆ. ಪೂರ್ತಿ ಎಚ್ ಎಲ್ಲರಲ್ಲೂ ಕಾಣುವುದಿಲ್ಲ, ಒಂದೇ ಕಡೆ ಇದ್ದರೂ ಬಿರುಕು ಬಿರುಕೇ. ಎಂಆರ್‌ಐನಲ್ಲಿ ಸುತ್ತಲೂ ಊತ, ಮಧ್ಯೆ ಒಂದು ಕಪ್ಪು ಗೆರೆ. ಆ ಗೆರೆ ಊತದಲ್ಲಿ ಮುಳುಗಿ ಹೋದರೆ ಬರೀ ಊತ ಕಂಡು ಅನುಮಾನ ಹುಟ್ಟುತ್ತದೆ. ಆಗ ತೆಳುವಾದ ಸಿಟಿ ತೆಗೆಸಿದರೆ ಗೆರೆಯೂ ಅದರ ಸುತ್ತ ಗಟ್ಟಿಯಾಗುತ್ತಿರುವ ಮೂಳೆಯೂ ಚೆನ್ನಾಗಿ ಕಾಣುತ್ತವೆ. ಮುಂಭಾಗದ ಪ್ಯೂಬಿಕ್ ಮೂಳೆಯಲ್ಲೂ ಜೊತೆಗೇ ಬಿರುಕಿದ್ದರೆ ಅನುಮಾನ ಇನ್ನಷ್ಟು ಕಡಿಮೆ ಆಗುತ್ತದೆ.

ನಿಂತರೆ ನಡೆದರೆ ನೋವು ಜಾಸ್ತಿ, ಮಲಗಿದರೆ ಕಡಿಮೆ, ಇದು ಬಿರುಕಿನ ಸಾಮಾನ್ಯ ರೀತಿ. ರಾತ್ರಿ ಮಲಗಿದರೂ ಬಿಡದೆ ವಾರದಿಂದ ವಾರಕ್ಕೆ ಏರುವ ನೋವು ಬೇರೆ ಥರ. ಆದರೆ ಬರೀ ನೋವು ನೋಡಿ ಯಾರೂ ತೀರ್ಪು ಕೊಡಬಾರದು.

ಹಾಗಾದರೆ ಯಾವ ಲಕ್ಷಣ ಕಂಡರೆ ಕ್ಯಾನ್ಸರ್ ಕಡೆಗೇ ವಾಲುತ್ತಾರೆ?

ಮೂಳೆಯ ಹೊರಗೆ ಮಾಂಸದಂಥ ಗಡ್ಡೆ ಬೆಳೆದಿದ್ದರೆ. ಮೂಳೆಯ ಹೊರಪದರ ಕರಗಿ ಹೋಗಿದ್ದರೆ. ಬೆನ್ನುಮೂಳೆಯಲ್ಲಾದರೆ ಹಿಂಬದಿಯ ಗೋಡೆ ಉಬ್ಬಿ ನರದ ಕಡೆಗೆ ಬಾಗಿದ್ದರೆ, ಅಥವಾ ಹಿಂದಿನ ಕಾಂಡದಂಥ ಭಾಗಕ್ಕೂ ಹಬ್ಬಿದ್ದರೆ. ಕಿರಣ ಬೀಳದ ಮೂಳೆಗಳಲ್ಲೂ ಹೊಸ ಮಚ್ಚೆಗಳಿದ್ದರೆ. ಟಿ1 ಚಿತ್ರದಲ್ಲಿ ಕೊಬ್ಬಿನ ಕುರುಹೇ ಇಲ್ಲದ ದುಂಡನೆಯ ಕಪ್ಪು ಗಂಟು ಇದ್ದರೆ.

ಅನುಮಾನ ಉಳಿದರೆ ಎಂಆರ್‌ಐನಲ್ಲೇ ಇನ್ನೂ ಎರಡು ದಾರಿ ಇವೆ. ಒಂದು, ಮಜ್ಜೆಯಲ್ಲಿ ಕೊಬ್ಬು ಉಳಿದಿದೆಯಾ ಅಂತ ಅಳೆಯುವ ಇನ್-ಫೇಸ್, ಔಟ್-ಫೇಸ್ ಚಿತ್ರ. ಔಟ್-ಫೇಸ್ ಚಿತ್ರದಲ್ಲಿ ಹೊಳಪು ಸುಮಾರು 20 ಪರ್ಸೆಂಟಿಗಿಂತ ಜಾಸ್ತಿ ಇಳಿದರೆ ಕ್ಯಾನ್ಸರ್ ಅಲ್ಲ ಅನ್ನುವ ಕಡೆ ವಾಲುತ್ತಾರೆ. ಇನ್ನೊಂದು ಡಿಫ್ಯೂಷನ್, ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತಿವೆ ಅನ್ನುವುದನ್ನು ನೋಡುವುದು. ಕೋಶಗಳು ಒತ್ತೊತ್ತಾಗಿ ತುಂಬಿದ ಗಡ್ಡೆಯಲ್ಲಿ ನೀರಿಗೆ ಜಾಗ ಇರುವುದಿಲ್ಲ. ಎರಡರಲ್ಲೂ ಅಂಚಿನ ಕೇಸುಗಳು ಬರುತ್ತವೆ. ಕಾಂಟ್ರಾಸ್ಟ್ (ಸ್ಕ್ಯಾನಿಗಾಗಿ ರಕ್ತನಾಳಕ್ಕೆ ಕೊಡುವ ಔಷಧಿ) ಹಾಕಿದಾಗ ಹೊಳೆಯಿತು ಅನ್ನುವುದು ಮಾತ್ರ ಒಂದು ಸಾಕ್ಷಿಯೇ ಅಲ್ಲ, ವಾಸಿಯಾಗುತ್ತಿರುವ ಬಿರುಕೂ ಚೆನ್ನಾಗಿ ಹೊಳೆಯುತ್ತದೆ.

ಪೆಟ್ ಸ್ಕ್ಯಾನಿನಲ್ಲಿ ಎಸ್‌ಯುವಿ ನಂಬರ್ ಜಾಸ್ತಿ ಬಂದಿದೆ. ಇನ್ನೇನು ಅನುಮಾನ?

ಸ್ಕ್ಯಾನಿನ ಔಷಧಿಯನ್ನು ಆ ಜಾಗ ಎಷ್ಟು ಎಳೆದುಕೊಂಡಿದೆ ಅನ್ನುವ ಅಳತೆ ಎಸ್‌ಯುವಿ. ಆ ನಂಬರ್ ಹಿಡಿದುಕೊಂಡು ರಾತ್ರಿಯೆಲ್ಲ ಕೂರಬೇಡಿ. ಸಕ್ಕರೆಯಂಥ ಔಷಧಿಯನ್ನು ಕ್ಯಾನ್ಸರ್ ಎಳೆದುಕೊಳ್ಳುತ್ತದೆ ನಿಜ, ಉರಿಯೂತವೂ ಹೊಸ ಬಿರುಕೂ ಎಳೆದುಕೊಳ್ಳುತ್ತವೆ. ಇಷ್ಟು ದಾಟಿದರೆ ಕ್ಯಾನ್ಸರ್, ಇಷ್ಟರೊಳಗಿದ್ದರೆ ಅಲ್ಲ ಅನ್ನುವ ಗಡಿ ಇಲ್ಲ. ಆಕಾರ ನೋಡಬೇಕು: ಗೆರೆಯಂತಿದೆಯಾ, ದುಂಡಗಿದೆಯಾ, ಅದೇ ಜಾಗದಲ್ಲಿ ಸಿಟಿ ಏನು ತೋರಿಸುತ್ತಿದೆ. ರೇಡಿಯೇಷನ್ ಬಿದ್ದ ಮಜ್ಜೆ ಸಾಮಾನ್ಯವಾಗಿ ಪೆಟ್‌ನಲ್ಲಿ ಮಂಕಾಗಿಯೇ ಇರುತ್ತದೆ.

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮಾಡುವ ಪಿಎಸ್‌ಎಂಎ ಪೆಟ್ ಕಥೆಯೂ ಅಷ್ಟೇ. ಪಕ್ಕೆಲುಬಿನ ಒಂಟಿ ಸಣ್ಣ ಚುಕ್ಕೆ ಅದರಲ್ಲಿ ಆಗಾಗ ಕಾಣುತ್ತದೆ, ಹೆಚ್ಚಿನ ಸಲ ಅದು ಏನೂ ಆಗಿರುವುದಿಲ್ಲ. ಹಳೆಯ ಬಿರುಕು, ಪ್ಯಾಜೆಟ್ ಅನ್ನುವ ಮೂಳೆ ಕಾಯಿಲೆ ಕೂಡ ಅದರಲ್ಲಿ ಹೊಳೆಯುತ್ತವೆ.

ಮೂಳೆಯಲ್ಲೇ ಕ್ಯಾನ್ಸರ್ ಇತ್ತು, ಅದಕ್ಕೇ ರೇಡಿಯೇಷನ್ ಕೊಟ್ಟರು. ಈಗ ಮಚ್ಚೆ ಇನ್ನೂ ದೊಡ್ಡದಾಗಿ, ಬೆಳ್ಳಗೆ ಕಾಣ್ತಿದೆಯಂತೆ?

ಇದು ಬೇರೆ ಪ್ರಶ್ನೆ. ಇನ್ನೂ ಸೂಕ್ಷ್ಮ.

ಕ್ಯಾನ್ಸರ್ ಕೊರೆದ ಮೂಳೆ ವಾಸಿಯಾಗುವಾಗ ಹೊಸ ಸುಣ್ಣ ತುಂಬಿ ಸಿಟಿಯಲ್ಲಿ ಬೆಳ್ಳಗಾಗುತ್ತದೆ. ಮೊದಲು ಕಣ್ಣಿಗೆ ಬೀಳದಿದ್ದ ಸಣ್ಣ ಮಚ್ಚೆಯೂ ವಾಸಿಯಾಗಿ ಬೆಳ್ಳಗಾದಾಗ 'ಹೊಸದು' ಅನಿಸಬಹುದು. ಹಾರ್ಮೋನ್ ಅಥವಾ ಕೀಮೋ ಶುರುವಾದ ಮೊದಲ ಕೆಲವು ತಿಂಗಳು ಬೋನ್ ಸ್ಕ್ಯಾನ್ ಕೂಡ ಜಾಸ್ತಿ ಹೊಳೆಯುತ್ತದೆ, ಇದನ್ನು ಫ್ಲೇರ್ ಅನ್ನುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಔಷಧಿಗಳ ಪ್ರಯೋಗಗಳಲ್ಲಿ ಇದಕ್ಕಾಗಿಯೇ ಒಂದು ನಿಯಮ ಇದೆ. ಚಿಕಿತ್ಸೆಯ ನಂತರದ ಮೊದಲ ಸ್ಕ್ಯಾನಿನಲ್ಲಿ 2 ಹೊಸ ಚುಕ್ಕೆ ಕಂಡರೆ ಸಾಲದು, ಅದರ ಮುಂದಿನ ಸ್ಕ್ಯಾನಿನಲ್ಲಿ ಇನ್ನೂ 2 ಬಂದರೆ ಮಾತ್ರ ಕಾಯಿಲೆ ಮುಂದುವರಿದಿದೆ ಅಂತ ಬರೆಯುತ್ತಾರೆ.

ಎಸ್‌ಬಿಆರ್‌ಟಿ ಅಂತ ಕೆಲವೇ ಸಲ ದೊಡ್ಡ ಡೋಸ್ ಕೊಡುವ ಪದ್ಧತಿ ಇದೆಯಲ್ಲ, ಬೆನ್ನುಮೂಳೆಗೆ ಹಾಗೆ ಕೊಟ್ಟಾಗ ಮೊದಲ 3ರಿಂದ 6 ತಿಂಗಳಲ್ಲಿ ಗಡ್ಡೆ ಊದಿಕೊಂಡು ಬೆಳೆದಂತೆ ಕಂಡು, ಆಮೇಲೆ ತಾನೇ ಕುಗ್ಗುವುದುಂಟು. ಅದನ್ನು ನೋಡಿ ಆತುರಕ್ಕೆ ಔಷಧಿ ಬದಲಿಸಿದರೆ ಕೆಲಸ ಮಾಡುತ್ತಿದ್ದ ಔಷಧಿಯನ್ನೇ ಕೈಬಿಟ್ಟಂತಾಗುತ್ತದೆ. ಅದಕ್ಕೇ ಮೊದಲ ಒಂದೂವರೆ ವರ್ಷದವರೆಗೆ 2-3 ತಿಂಗಳಿಗೊಮ್ಮೆ ಎಂಆರ್‌ಐ ತೆಗೆದು ಸಾಲಾಗಿ ಇಟ್ಟು ನೋಡಿ ಅನ್ನುವುದು ತಜ್ಞರ ಸಲಹೆ. ಇದೇ ಚಿಕಿತ್ಸೆಯಿಂದ ಆ ಎಲುಬು ಕುಸಿಯುವುದೂ ಇದೆ. ಕುಸಿದ ಮಾತ್ರಕ್ಕೆ ಕ್ಯಾನ್ಸರ್ ಮರಳಿತು ಅಂತಲ್ಲ.

ಸ್ತನಕ್ಕೆ ರೇಡಿಯೇಷನ್ ಆಗಿ ಪಕ್ಕೆಲುಬಿನಲ್ಲಿ ಚುಕ್ಕೆ?

ರೇಡಿಯೇಷನ್ ಆದ ಕಡೆಯದೇ ಪಕ್ಕೆಲುಬಾ ಅಂತ ಮೊದಲು ನೋಡಿ. ಅಕ್ಕಪಕ್ಕದ ಎರಡು ಮೂರು ಎಲುಬುಗಳ ಮುಂಭಾಗದಲ್ಲಿ ಸಾಲಾಗಿ ಚುಕ್ಕೆ ಇದ್ದರೆ ಸಾಮಾನ್ಯವಾಗಿ ಬಿರುಕು. ಜೋರು ಕೆಮ್ಮಿಗೂ ಅವು ಸೀಳುತ್ತವೆ. ಒಂದೇ ಎಲುಬಿನ ಉದ್ದಕ್ಕೂ ಹರಿದಂತೆ ಹೊಳೆದರೆ ಅನುಮಾನ ಜಾಸ್ತಿ. ಶ್ವಾಸಕೋಶದ ಅಂಚಿನ ಗಡ್ಡೆಗೆ ಎಸ್‌ಬಿಆರ್‌ಟಿ ಆದವರಿಗೂ ಪಕ್ಕದ ಎಲುಬು ಮುರಿಯಬಹುದು.

ದವಡೆ ಮೂಳೆ ಕಾಣಿಸಿಕೊಂಡಿದೆ, ನೋವಿದೆ. ಕ್ಯಾನ್ಸರ್ ಮರಳಿತಾ?

ಬಾಯಿ, ಗಂಟಲಿಗೆ 60 ಗ್ರೇಗಿಂತ ಜಾಸ್ತಿ ಬಿದ್ದವರಲ್ಲಿ ಕೆಳದವಡೆಯ ಮೂಳೆ ರಕ್ತ ಸಿಗದೆ ಸಾಯುವುದುಂಟು, ಹಲ್ಲು ಕಿತ್ತ ಜಾಗದಲ್ಲಿ ವಿಶೇಷವಾಗಿ. ಸಿಟಿಯಲ್ಲಿ ಬೇರ್ಪಟ್ಟ ಸತ್ತ ಮೂಳೆಯ ಚೂರು, ಅಲ್ಲಲ್ಲಿ ಗಾಳಿ ಗುಳ್ಳೆ ಕಂಡು, ಗಡ್ಡೆ ಕಾಣದಿದ್ದರೆ ಈ ಕಡೆ ಯೋಚಿಸುತ್ತಾರೆ. ತೊಡಕು ಏನಂದರೆ ಇದು ಪೆಟ್‌ನಲ್ಲಿ ಕ್ಯಾನ್ಸರ್ ಥರವೇ ಉರಿಯುತ್ತದೆ, ಎರಡೂ ಒಟ್ಟಿಗೇ ಇರಲೂಬಹುದು. ಹಾಗಾಗಿ ಇಲ್ಲಿ ಬಾಯೊಳಗೆ ಕಣ್ಣಾರೆ ನೋಡುವ ಡಾಕ್ಟರ ಮಾತಿಗೆ ಸ್ಕ್ಯಾನಿನಷ್ಟೇ ತೂಕ. ರೇಡಿಯೇಷನ್ ಆದವರು ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಆ ವಿಷಯ ಹೇಳಲೇಬೇಕು.

ಸುಮ್ನೆ ಒಂದು ಬಯಾಪ್ಸಿ ಮಾಡಿ ಮುಗಿಸಬಾರದಾ?

ಕೇಳಲು ಸುಲಭ. ಆದರೆ ರೇಡಿಯೇಷನ್ ತಿಂದ ಮೂಳೆಗೆ ಸೂಜಿ ಚುಚ್ಚಿದರೆ ಆ ಗಾಯ ಬೇಗ ಮಾಯುವುದಿಲ್ಲ. ದವಡೆಯಲ್ಲಂತೂ ಸತ್ತ ಮೂಳೆಯ ತೊಂದರೆ ಇನ್ನೂ ಹರಡಬಹುದು. ವಾಸಿಯಾಗುತ್ತಿರುವ ಬಿರುಕಿನಿಂದ ತೆಗೆದ ಚೂರಿನಲ್ಲಿ ಚುರುಕಾಗಿ ಬೆಳೆಯುವ ಎಳೆ ಮೂಳೆ ಇರುತ್ತದೆ. ಹಿನ್ನೆಲೆ ಗೊತ್ತಿಲ್ಲದ ಪ್ಯಾಥಾಲಜಿಸ್ಟ್‌ಗೆ ಅದು ಮೂಳೆ ಕ್ಯಾನ್ಸರ್ ಅನಿಸುವ ಅಪಾಯವೂ ಇದೆ. ಸ್ಕ್ಯಾನಿನಲ್ಲಿ ಬಿರುಕಿನ ಗೆರೆ ಸ್ಪಷ್ಟವಾಗಿದ್ದರೆ ಬಯಾಪ್ಸಿ ಬೇಡ. ಗೆರೆ ಇಲ್ಲ, ಗಡ್ಡೆ ಇದೆ, ಉತ್ತರದ ಮೇಲೆ ಇಡೀ ಚಿಕಿತ್ಸೆಯೇ ಬದಲಾಗುತ್ತದೆ ಅನ್ನುವಾಗ ಬೇಕೇ ಬೇಕು. ಆಗ ಮುಂದೂಡಬೇಡಿ.

ಡಾಕ್ಟರು "ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ" ಅಂದರು. ಇದು ನಿರ್ಲಕ್ಷ್ಯ ಅಲ್ವಾ?

ಅಲ್ಲ, ಅದೂ ಒಂದು ಪರೀಕ್ಷೆಯೇ. ಬಿರುಕು ಅಷ್ಟರಲ್ಲಿ ಗಟ್ಟಿಯಾಗುತ್ತದೆ, ಊತ ಇಳಿಯುತ್ತದೆ, ನೋವು ತಗ್ಗುತ್ತದೆ. ಕ್ಯಾನ್ಸರ್ ಆದರೆ ಬೆಳೆಯುತ್ತದೆ. ಒಂದು ಷರತ್ತು: ಅದೇ ಬಗೆಯ ಸ್ಕ್ಯಾನ್, ಸಾಧ್ಯವಾದರೆ ಅದೇ ಯಂತ್ರದಲ್ಲಿ ತೆಗೆಸಿ, ಹಳೆಯದರ ಪಕ್ಕ ಇಟ್ಟು ಹೋಲಿಸಬೇಕು. ಮೊದಲು ಎಂಆರ್‌ಐ, ಆಮೇಲೆ ಪೆಟ್, ಆಮೇಲೆ ಬೋನ್ ಸ್ಕ್ಯಾನ್ ಅಂತ ಮಾಡಿಸಿದರೆ ಮೂರು ಬೇರೆ ಬೇರೆ ಕಥೆ ಕೈಗೆ ಬರುತ್ತವೆ, ಉತ್ತರ ಬರುವುದಿಲ್ಲ. ಕಾಯುವಾಗ ನೋವು ಏರಿದರೆ ತಾರೀಖಿಗಾಗಿ ಕಾಯದೆ ಫೋನ್ ಮಾಡಿ.

ರಕ್ತ ಪರೀಕ್ಷೆಯಿಂದ ಗೊತ್ತಾಗುವುದಿಲ್ವಾ?

ಸ್ವಲ್ಪ ಮಟ್ಟಿಗೆ. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್‌ಗೆ ನೋಡುವ ರಕ್ತದ ಅಂಶ) ಇಳಿದೇ ಇದ್ದು ಸೇಕ್ರಮ್ ಮಾತ್ರ ಹೊಳೆದರೆ ಬಿರುಕಿನ ಅನುಮಾನ ಬಲವಾಗುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಏರಿದೆ ಅಂತ ಮಾತ್ರ ಹೆದರಬೇಡಿ, ಮೂಳೆ ಕೂಡಿಕೊಳ್ಳುವಾಗಲೂ ಅದು ಏರುತ್ತದೆ.

ರೇಡಿಯೇಷನ್ನಿನಿಂದಲೇ ಮೂಳೆಯಲ್ಲಿ ಹೊಸ ಕ್ಯಾನ್ಸರ್ ಬರುತ್ತದಂತೆ, ನಿಜವಾ?

ನಿಜ, ಆದರೆ ಅಪರೂಪ. ಸಾರ್ಕೋಮಾ ಅನ್ನುತ್ತಾರೆ. ಅದನ್ನು ಗುರುತಿಸುವ ನಿಯಮಗಳನ್ನು 1948ರಲ್ಲೇ ಕಹಾನ್ ಮತ್ತು ಜೊತೆಗಾರರು ಬರೆದಿಟ್ಟಿದ್ದಾರೆ: ಕಿರಣ ಬಿದ್ದ ಜಾಗದಲ್ಲೇ ಬಂದಿರಬೇಕು, ನಡುವೆ ಸಾಕಷ್ಟು ವರ್ಷ ಕಳೆದಿರಬೇಕು, ಸೂಕ್ಷ್ಮದರ್ಶಕದಲ್ಲಿ ಸಾರ್ಕೋಮಾ ಅಂತ ಸಾಬೀತಾಗಬೇಕು. ಸಾಮಾನ್ಯವಾಗಿ ಹಲವು ವರ್ಷ, ಎಷ್ಟೋ ಸಲ ಹತ್ತು ವರ್ಷದ ಆಚೆ ಬರುತ್ತದೆ. ಚಿಕಿತ್ಸೆ ಮುಗಿದ ಒಂದು ವರ್ಷಕ್ಕೆ ಸ್ಕ್ಯಾನಿನಲ್ಲಿ ಏನೋ ಕಂಡಿತು ಅಂತ ಇದನ್ನು ನೆನೆಸಿ ಹೆದರುವುದು ವ್ಯರ್ಥ. ಆದರೆ ಹದಿನೈದು ವರ್ಷದ ಮೇಲೂ ಹಳೆಯ ಜಾಗದಲ್ಲಿ ಹೊಸ ನೋವು, ಗಂಟು ಬಂದರೆ ಬೇಗ ತೋರಿಸಿ. ಚಿಕ್ಕಂದಿನಲ್ಲಿ ರೇಡಿಯೇಷನ್ ಆದವರಲ್ಲಿ ಆಸ್ಟಿಯೊಕಾಂಡ್ರೋಮಾ ಅನ್ನುವ ನಿರುಪದ್ರವಿ ಎಲುಬಿನ ಗಂಟು ಬೆಳೆಯುವುದೂ ಇದೆ, ಅದು ಕ್ಯಾನ್ಸರ್ ಅಲ್ಲ.

ಬಿರುಕು ಅಂತಲೇ ಆಯಿತು. ಮುಂದೇನು?

ವಿಶ್ರಾಂತಿ, ನೋವಿನ ಮಾತ್ರೆ, ಫಿಸಿಯೋಥೆರಪಿ, ವಿಟಮಿನ್ ಡಿ, ಕ್ಯಾಲ್ಸಿಯಂ. ತಿಂಗಳುಗಟ್ಟಲೆ ಮಲಗಿಬಿಡುವುದು ಒಳ್ಳೆಯದಲ್ಲ, ಮೂಳೆ ಇನ್ನೂ ಸವೆಯುತ್ತದೆ. ಮೂಳೆ ಗಟ್ಟಿ ಮಾಡುವ ಇಂಜೆಕ್ಷನ್ ಹೇಳಿದರೆ ಶುರು ಮಾಡುವ ಮೊದಲು ಹಲ್ಲು ತೋರಿಸಿ, ಕೆಲವಕ್ಕೆ ದವಡೆಯ ತೊಂದರೆ ಇದೆ. ಟೆರಿಪ್ಯಾರಟೈಡ್ ಅನ್ನುವ ಔಷಧಿಯನ್ನು ಮೂಳೆಗೆ ರೇಡಿಯೇಷನ್ ಬಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮೂಳೆ ಡಾಕ್ಟರಿಗೆ ನಿಮ್ಮ ಹಳೆಯ ಚಿಕಿತ್ಸೆ ಗೊತ್ತಿಲ್ಲದಿರಬಹುದು, ನೀವೇ ಹೇಳಿ.

ಸ್ಕ್ಯಾನಿಗೆ ಹೋಗುವಾಗ ಏನು ಒಯ್ಯಬೇಕು?

ರೇಡಿಯೇಷನ್ ಮುಗಿದಾಗ ಕೊಟ್ಟ ಸಮ್ಮರಿ. ಅದರಲ್ಲಿ ಯಾವ ಭಾಗ, ಒಟ್ಟು ಎಷ್ಟು ಗ್ರೇ, ಎಷ್ಟು ಸಲ, ಯಾವ ತಾರೀಖಿನಿಂದ ಯಾವ ತಾರೀಖು ಅಂತ ಇರುತ್ತದೆ. ಕಳೆದು ಹೋಗಿದ್ದರೆ ಚಿಕಿತ್ಸೆ ಆದ ಕಡೆ ಕೇಳಿ ಇನ್ನೊಂದು ಪ್ರತಿ ತೆಗೆದುಕೊಳ್ಳಿ. ಹಳೆಯ ಸ್ಕ್ಯಾನ್‌ಗಳ ಸಿಡಿ ಒಯ್ಯಿರಿ, ಬರೀ ಕಾಗದದ ರಿಪೋರ್ಟ್ ಸಾಲದು. ಇತ್ತೀಚೆಗೆ ತೆಗೆದುಕೊಂಡ ಇಂಜೆಕ್ಷನ್, ಬಿದ್ದದ್ದು, ಏಟಾದದ್ದು ಎಲ್ಲ ಹೇಳಿ. ರಿಪೋರ್ಟ್ ಆಗಲೇ ಬಂದುಬಿಟ್ಟಿದೆ, ಅದರಲ್ಲಿ ರೇಡಿಯೇಷನ್ ಸುದ್ದಿಯೇ ಇಲ್ಲ ಅಂತಾದರೆ, ಈ ಮಾಹಿತಿ ಕೊಟ್ಟು ಇನ್ನೊಮ್ಮೆ ನೋಡಿಸಿ ಅಂತ ಡಾಕ್ಟರನ್ನು ಕೇಳಿ. ಸಂಕೋಚ ಬೇಡ. ಕ್ಯಾನ್ಸರ್ ಡಾಕ್ಟರುಗಳೂ ರೇಡಿಯಾಲಜಿಸ್ಟೂ ಒಟ್ಟಿಗೆ ಕೂತು ಚರ್ಚಿಸುವ ಟ್ಯೂಮರ್ ಬೋರ್ಡ್ ಇದ್ದರೆ ನಿಮ್ಮ ಕೇಸನ್ನು ಅಲ್ಲಿಡಲು ಹೇಳಿ.

ಯಾವುದಕ್ಕೆ ಒಂದು ದಿನವೂ ಕಾಯಬಾರದು?

ಕಾಲಿನ ಶಕ್ತಿ ಕುಂದಿದರೆ, ನಡಿಗೆ ತಡವರಿಸಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕೂರುವ ಜಾಗದಲ್ಲಿ ಸ್ಪರ್ಶವೇ ಗೊತ್ತಾಗದಂತೆ ಜೋಮು ಹಿಡಿದರೆ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಅದು ಬಿರುಕಿನಿಂದಲೋ ಕ್ಯಾನ್ಸರಿನಿಂದಲೋ ಅನ್ನುವ ಚರ್ಚೆ ಆಮೇಲೆ. ಆವತ್ತೇ ತುರ್ತು ವಿಭಾಗಕ್ಕೆ ಹೋಗಿ, ಇಡೀ ಬೆನ್ನುಮೂಳೆಯ ಎಂಆರ್‌ಐ ಆಗಬೇಕು ಅಂತ ಕೇಳಿ.